ಚಲಚ್ಚಿತ್ರ ಮೀಮಾಂಸೆ

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ಕಾವ್ಯವಲ್ಲ. ಕಾವ್ಯವನ್ನು ಪರೀಕ್ಷಿಸುವ ಗ್ರಂಥ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೇ ಅದು. ಆ ಆಸ್ಥಾನವಿದ್ದ ಮಾನ್ಯಖೇಟವು ಇಂದು ಮಳಖೇಡವೆಂಬ ಹೆಸರಿನಿಂದ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ನಮ್ಮ ಚಿಂಚೋಳಿಯಿಂದ ಅದು ಅರ್ಧ ದಿನದ ದಾರಿಯೂ ಅಲ್ಲ. ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು, ಅದರಲ್ಲಿ ಕನ್ನಡಕ್ಕೆ ಒಗ್ಗುವುದಾವುದು, ಒಗ್ಗದುದಾವುದು ಎಂದು ವಿವೇಚಿಸಿದ ಆ ಗ್ರಂಥಕಾರನು ತಾನು ಕವಿಯೋ ವಿಮರ್ಶಕನೋ ಎಂದು ಚಿಂತಿಸಿದಂತೆ ಕಾಣುವುದಿಲ್ಲ. ವಿಮರ್ಶಕನೆಂದರೆ ಅಡಿಗೆಯನ್ನೂ ಮಾಡದೆ, ಬಡಿಸುವುದನ್ನೂ ಮಾಡದೆ, ಪಂಕ್ತಿಯಲ್ಲಿ ಕುಳಿತು ಉಪ್ಪು ಹೆಚ್ಚಾಯಿತೆಂದು ಹೇಳುವವನು ಎಂಬ ಭಾವನೆ ಜನರಲ್ಲಿ ಬೇರೂರಿದೆ. ನಮ್ಮ ಸೀಮೆಯ ಮಟ್ಟಿಗಾದರೂ, ಉಳಿದುಬಂದ ಎಲೆಗಳಲ್ಲಿ ಮೊದಲನೆಯದು ಇಂತಹವನದೇ.

ಈ ಪುಟದಲ್ಲಿ ಸಾಮಾನ್ಯವಾಗಿ ಕಾವ್ಯ ಪುರಾಣಗಳ ವಿಷಯವನ್ನೇ ಬರೆಯುವ ನಾವು ಈ ತಿಂಗಳು ಸಿನೆಮಾದ ಗೊಡವೆಗೆ ಹೋಗುತ್ತಿರುವುದನ್ನು ಕಂಡು ಕೆಲವು ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೆ ಕಾವ್ಯವನ್ನು ಓದುವ ಮನೆ ಊರಿಗೆ ಹತ್ತಿದ್ದರೆ ಹೆಚ್ಚು; ಚಲಚ್ಚಿತ್ರವನ್ನು ನೋಡದ ಮನೆ ಒಂದೂ ಇಲ್ಲ. ಮೊದಲು ತಗಡಿನ ಥೇಟರಿಗೆ ಹೋಗಿ ನೋಡುತ್ತಿದ್ದುದು ಆಮೇಲೆ ನಡುಮನೆಯ ಪೆಟ್ಟಿಗೆಗೆ ಬಂದಿತು. ಈಗ ಮೊಮ್ಮಕ್ಕಳ ಅಂಗೈಯಲ್ಲಿ ಕುಳಿತಿದೆ. ಇಷ್ಟು ಜನರು ಇಷ್ಟು ವರ್ಷ ನೋಡಿದ ವಸ್ತುವನ್ನು ಕುರಿತು ಆಲೋಚಿಸುವವರು ಯಾರು? ಪತ್ರಿಕೆಗಳಲ್ಲಿ ಪ್ರತಿವಾರವೂ ವಿಮರ್ಶೆಯೆಂಬ ಹೆಸರಿನಲ್ಲಿ ಬರುವುದು ಬಹುಮಟ್ಟಿಗೆ ಕಥೆಯ ಸಂಕ್ಷೇಪ, ನಟನಟಿಯರಿಗೆ ಒಂದೊಂದು ಮಾತಿನ ಪ್ರಶಂಸೆ ಅಥವಾ ಗದರಿಕೆ, ಕೊನೆಗೆ ಐದರಲ್ಲಿ ಇಷ್ಟು ನಕ್ಷತ್ರಗಳೆಂಬ ಅಂಕ. ಆಯುಷ್ಯವೆಲ್ಲ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದ ನಮಗೆ ಆ ಕೆಲಸದ ಬೆಲೆ ಎಷ್ಟೆಂಬುದು ತಿಳಿದಿದೆ. ಅದು ಪರೀಕ್ಷೆಯಾದೀತು, ಮೀಮಾಂಸೆಯಾಗಲಾರದು.

ಮೀಮಾಂಸೆಯೆಂದು ಹೇಳತಕ್ಕ ಕೆಲಸವನ್ನು ಮಾಡಿದವರಲ್ಲಿ ಶ್ರೀ ಎಂ. ಮಾಧವ ಪ್ರಸಾದರು ಒಬ್ಬರು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ಅವರು ಹೆಸರಾದವರು. ಹಿಂದೀ ಚಲಚ್ಚಿತ್ರದ ವಿಚಾರಧಾರೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ೧೯೯೮ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಪ್ರಕಟವಾಯಿತು. ದಕ್ಷಿಣ ದೇಶದ ತಾರೆಯರನ್ನೂ ರಾಜಕಾರಣವನ್ನೂ ಕುರಿತ ‘ಸಿನಿ-ಪಾಲಿಟಿಕ್ಸ್’ ಎಂಬ ಇನ್ನೊಂದು ಗ್ರಂಥವು ೨೦೧೪ರಲ್ಲಿ ಬಂದಿತು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಸಿನೆಮಾವನ್ನು ಒಂದು ಶಾಸ್ತ್ರವಾಗಿ ಓದಿಸುವ ಪದ್ಧತಿ ನೆಲೆಗೊಂಡುದರಲ್ಲಿ ಮೊದಲನೆಯ ಗ್ರಂಥದ ಪಾತ್ರ ದೊಡ್ಡದು. ಚಿತ್ರವು ಚೆನ್ನಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಅವರು ಬದಿಗಿಡುವರು. ಈ ಚಿತ್ರಗಳು ಹೀಗೆಯೇ ಏಕಿವೆ, ಇವನ್ನು ನೋಡುವ ನಾವು ಯಾವ ಸ್ಥಾನದಲ್ಲಿ ಕುಳಿತು ನೋಡುತ್ತೇವೆ ಎಂಬುದೇ ಅವರ ಪ್ರಶ್ನೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಳೆಯ ಚಿತ್ರಗಳಲ್ಲಿ ಪೊಲೀಸರು ಯಾವಾಗಲೂ ತಡವಾಗಿ ಬರುವರು. ನಾಯಕನು ಖಳನನ್ನು ಬಡಿದು, ತಾಯಿಯನ್ನು ಬಿಡಿಸಿ, ಮನೆಯ ಮಾನವನ್ನು ಉಳಿಸಿದ ಮೇಲೆಯೇ ಅವರ ಜೀಪು ಬಂದು ನಿಲ್ಲುವುದು. ಇದನ್ನು ಕಂಡು ನಗದವರಿಲ್ಲ. ಚಿತ್ರ ತೆಗೆಯುವವರ ಜಾಣತನದ ಕೊರತೆಯೆಂದು ನಾವೆಲ್ಲರೂ ತಿಳಿದಿದ್ದೆವು. ಪ್ರಸಾದರು ನಗುವುದಿಲ್ಲ. ಹೀಗಾಗುವುದಕ್ಕೆ ಕಾರಣವಿದೆ ಎನ್ನುವರು. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಸಂವಿಧಾನವೂ ನ್ಯಾಯಾಲಯವೂ ಬಂದವು. ಆದರೆ ಊರಿನಲ್ಲಿಯೂ ಮನೆಯಲ್ಲಿಯೂ ಹಳೆಯ ಯಜಮಾನಿಕೆಯೇ ನಡೆಯುತ್ತಿತ್ತು. ಎರಡಕ್ಕೂ ಒಂದು ಒಳಒಪ್ಪಂದವಾಗಿತ್ತು. ನ್ಯಾಯವನ್ನು ತೀರ್ಮಾನಿಸುವವನು ಮನೆತನದ ಯಜಮಾನ ಅಥವಾ ಅವನ ವಾರಸುದಾರ. ಆ ತೀರ್ಮಾನಕ್ಕೆ ಮೊಹರು ಒತ್ತುವುದು ಸರಕಾರದ ಕೆಲಸ. ತೆರೆಯ ಮೇಲೆ ಪೊಲೀಸರ ತಡವು ಈ ಒಪ್ಪಂದದ ಚಿತ್ರವಂತೆ. ಈ ಮಾತನ್ನು ಓದಿದ ಮೇಲೆ ಆ ಜೀಪು ಬರುವ ದೃಶ್ಯದಲ್ಲಿ ನಮಗೆ ಮೊದಲಿನಂತೆ ನಗು ಬರುವುದಿಲ್ಲ. ಗ್ರಾಮದ ಜಗಳವು ಗೌಡರ ಕಟ್ಟೆಯಲ್ಲಿ ತೀರಿದ ಮೇಲೆ ಠಾಣೆಯಲ್ಲಿ ಕಾಗದಕ್ಕೆ ಏರಿದುದನ್ನು ನಮ್ಮ ವಯಸ್ಸಿನವರು ಎಷ್ಟು ಸಲ ನೋಡಿಲ್ಲ?

ಅವರು ವಿವರಿಸುವ ಹಳೆಯ ಹಿಂದೀ ಚಿತ್ರದ ಕಥಾಬಂಧವೂ ಇದಕ್ಕೆ ಹೊಂದಿಕೊಂಡೇ ಇದೆ. ದೊಡ್ಡ ಮನೆತನ, ಅದರ ಆಸ್ತಿ, ಕಳೆದುಹೋದ ಅಥವಾ ಹೊರದೂಡಲ್ಪಟ್ಟ ಮಗ, ಪ್ರೀತಿಸಿದ ಹುಡುಗಿ, ನಡುವೆ ಆಸ್ತಿಗೆ ಕಣ್ಣು ಹಾಕಿದ ಖಳ, ಕೊನೆಗೆ ಹಿರಿಯರ ಆಶೀರ್ವಾದದೊಂದಿಗೆ ಮನೆ ಮೊದಲಿನಂತೆ ಕೂಡಿಕೊಳ್ಳುವುದು. ಇದನ್ನು ಅವರು ಊಳಿಗಮಾನ್ಯ ಕುಟುಂಬದ ರಮ್ಯಕಥೆಯೆಂದು ಕರೆದರು. ಪ್ರೇಮವು ಕಥೆಯ ಹೊರಗಿನ ಬಣ್ಣ. ಒಳಗಿನ ಮರ ಕುಟುಂಬದ ಅಧಿಕಾರ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದೆಂದು ಸಾಧಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು; ಶಹಾಬಾದದ ಸಮೀಪದ ಮರತೂರು ಅವನ ಊರೆಂದು ನಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳಿಕೊಳ್ಳುವರು. ಮುಂಬಯಿಯ ಚಿತ್ರಗಳಲ್ಲಿ ಮೂವತ್ತು ವರ್ಷ ಅತ್ತು ಕೂಡಿದ ಕುಟುಂಬದ ಕಾಯಿದೆಯನ್ನು ಬರೆದವನು ನಮ್ಮ ನೆರೆಯವನೇ ಎಂದಾಯಿತು!

ಚಿತ್ರದ ಅಂಗಗಳು ಒಂದಕ್ಕೊಂದು ಅಂಟದಿರುವುದನ್ನೂ ಅವರು ವಿಚಾರಿಸಿದ್ದಾರೆ. ನಮ್ಮ ಚಿತ್ರಗಳಲ್ಲಿ ಹಾಡು ಒಂದು ಕಡೆ, ಹೊಡೆದಾಟ ಒಂದು ಕಡೆ, ಹಾಸ್ಯ ಇನ್ನೊಂದು ಕಡೆ. ಕಥೆಯು ಇವನ್ನೆಲ್ಲ ಆಳುವುದಿಲ್ಲ, ಹೊತ್ತುಕೊಂಡು ಹೋಗುವುದು ಅಷ್ಟೆ. ಕಾರ್ಲ್ ಮಾರ್ಕ್ಸನು ಗಡಿಯಾರದ ತಯಾರಿಕೆಯನ್ನು ಉದಾಹರಿಸಿ, ಬಿಡಿಭಾಗಗಳನ್ನು ಬೇರೆಬೇರೆ ಕಡೆ ಮಾಡಿ ಕೊನೆಗೆ ಜೋಡಿಸುವ ಒಂದು ಉತ್ಪಾದನಾ ಕ್ರಮವನ್ನು ವರ್ಣಿಸಿದ್ದಾನೆ. ಮುಂಬಯಿಯ ಚಿತ್ರವು ಆ ಕ್ರಮದಿಂದ ತಯಾರಾಗುವುದೆಂದು ಪ್ರಸಾದರ ಮತ. ಗಡಿಯಾರದ ಮಾತು ಬೇಡವೆನಿಸುವವರು ಮದುವೆಮನೆಯನ್ನು ನೆನೆದುಕೊಳ್ಳಬಹುದು: ಬ್ಯಾಂಡಿನವರು, ಅಡಿಗೆಯವರು, ಪುರೋಹಿತರು, ಫೋಟೋದವರು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವುದಿಲ್ಲ; ಆದರೂ ಲಗ್ನವಾಗುವುದು. ಇದನ್ನು ದೋಷವೆಂದು ಬೈಯುವವರು ಬೈದರು, ನಮ್ಮ ಪರಂಪರೆಯ ವೈಶಿಷ್ಟ್ಯವೆಂದು ಹೊಗಳುವವರು ಹೊಗಳಿದರು. ಹಣ ಎಲ್ಲಿಂದ ಬರುವುದು, ಕೆಲಸ ಹೇಗೆ ಹಂಚಿಹೋಗುವುದು ಎಂಬುದರಲ್ಲಿ ಇದರ ಮೂಲವನ್ನು ಹುಡುಕಿದುದು ಪ್ರಸಾದರ ವಿಶೇಷ.

ಇನ್ನು ಆ ಗ್ರಂಥದಲ್ಲಿ ನಮ್ಮನ್ನು ಬಹಳ ದಿವಸ ಹಿಡಿದು ನಿಲ್ಲಿಸಿದ ಪ್ರಕರಣಕ್ಕೆ ಬರೋಣ. ವಿಷಯವು ಚುಂಬನ. ಮನೆಯವರೆಲ್ಲರೂ ಓದುವ ಪತ್ರಿಕೆಯಲ್ಲಿ ಈ ಮಾತೇಕೆಂದು ಕೇಳುವವರಿಗೆ ಹೇಳುವುದಿಷ್ಟೇ: ಈ ಪ್ರಶ್ನೆ ಹುಟ್ಟಿದುದೇ ಮನೆಯವರೆಲ್ಲರೂ ಕೂಡಿ ನೋಡುವುದರಿಂದ. ೧೯೩೩ರ ‘ಕರ್ಮ’ ಎಂಬ ವಾಕ್ಚಿತ್ರದಲ್ಲಿ ದೇವಿಕಾರಾಣಿಯವರೂ ಹಿಮಾಂಶು ರಾಯರೂ ಚುಂಬಿಸಿದ ದೃಶ್ಯವಿತ್ತು. ಸ್ವಾತಂತ್ರ್ಯದ ಅನಂತರ ದಶಕಗಳ ಕಾಲ ಅಂತಹ ದೃಶ್ಯವು ಭಾರತೀಯ ಚಿತ್ರಗಳಿಂದ ಕಾಣದಾಯಿತು. ಪರದೇಶದ ಚಿತ್ರಗಳಲ್ಲಿ ಅದೇ ದೃಶ್ಯಕ್ಕೆ ಅಷ್ಟು ಅಡ್ಡಿಯಿರಲಿಲ್ಲ. ನಿಷೇಧವು ಬರೆದಿಟ್ಟ ನಿಯಮವಾಗಿರಲಿಲ್ಲ. ಎಲ್ಲರೂ ಒಪ್ಪಿಕೊಂಡ ನಡೆವಳಿಕೆಯಾಗಿತ್ತು. ನ್ಯಾಯಮೂರ್ತಿ ಜಿ. ಡಿ. ಖೋಸ್ಲಾ ಅವರ ಅಧ್ಯಕ್ಷತೆಯ ಸಮಿತಿಯು ೧೯೬೯ರಲ್ಲಿ, ಕಥೆಗೆ ಅವಶ್ಯವಿದ್ದರೆ ತೋರಿಸಲು ಅಡ್ಡಿ ಬೇಡವೆಂಬ ಸಲಹೆಯನ್ನು ಕೊಟ್ಟ ಮೇಲೂ ಅದು ಬೇಗನೆ ಸಡಿಲಲಿಲ್ಲ.

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ಕೂಡಲೆ ಭರತಮುನಿಯ ನೆನಪಾಗುವುದು. ನಾಟ್ಯಶಾಸ್ತ್ರದಲ್ಲಿ ಶಯನ, ಆಲಿಂಗನ, ಚುಂಬನ ಮೊದಲಾದವುಗಳನ್ನು ರಂಗದ ಮೇಲೆ ತೋರಿಸಲಾಗದೆಂಬ ವಿಧಿಯಿದೆ. ಅದಕ್ಕೆ ಕೊಟ್ಟ ಕಾರಣವೂ ಸ್ಪಷ್ಟವಾಗಿದೆ. ನಾಟಕವನ್ನು ತಂದೆ, ಮಗ, ಸೊಸೆ, ಅತ್ತೆ ಎಲ್ಲರೂ ಜೊತೆಯಲ್ಲಿ ಕುಳಿತು ನೋಡುವರು. ಆದುದರಿಂದ ಇವುಗಳನ್ನು ಪ್ರಯತ್ನಪೂರ್ವಕವಾಗಿ ಬಿಡತಕ್ಕದ್ದು ಎಂದು. ಹಾಗಾದರೆ ಹೈದರಾಬಾದಿನ ಪ್ರೊಫೆಸರರು ಇಷ್ಟು ಪುಟಗಳನ್ನು ವ್ಯಯಿಸಿದುದೇಕೆ, ಮುನಿಯ ಒಂದು ಶ್ಲೋಕವು ಸಾಕಾಗಿತ್ತಲ್ಲ ಎಂದು ಪಂಡಿತರು ಹೇಳಬಹುದು.

ಸಾಕಾಗುವುದಿಲ್ಲ. ಭರತನ ಕಾರಣವು ಲಜ್ಜೆ. ಲಜ್ಜೆಯೇ ಕಾರಣವಾಗಿದ್ದರೆ, ಅದೇ ಅತ್ತೆ ಸೊಸೆಯರ ಮುಂದೆ, ಅದೇ ಚಿತ್ರದಲ್ಲಿ, ಹೋಟೆಲಿನ ದೀಪಗಳ ಕೆಳಗೆ ಅರೆಬರೆ ಉಡುಪಿನ ನರ್ತಕಿಯು ಹತ್ತು ನಿಮಿಷ ಕುಣಿಯುವುದು ಹೇಗೆ ಸಲ್ಲುತ್ತಿತ್ತು? ಮಳೆಯಲ್ಲಿ ನೆನೆದ ಸೀರೆಯ ಹಾಡು ಹೇಗೆ ಸಲ್ಲುತ್ತಿತ್ತು? ಅವೆಲ್ಲವೂ ಸಂದವು, ಗಂಡಹೆಂಡಿರಾಗತಕ್ಕ ಇಬ್ಬರ ಒಂದು ಮುತ್ತು ಮಾತ್ರ ಸಲ್ಲಲಿಲ್ಲ. ಈ ವಿಚಿತ್ರವನ್ನು ಹಿಡಿದುದು ಪ್ರಸಾದರ ಜಾಣತನ. ನಿಷೇಧವಿದ್ದುದು ಶೃಂಗಾರಕ್ಕಲ್ಲ, ಏಕಾಂತಕ್ಕೆ ಎನ್ನುವರು ಅವರು. ನರ್ತಕಿಯು ಸಭೆಗಾಗಿ ಕುಣಿಯುವಳು. ಅದು ಎಲ್ಲರ ಎದುರಿನ ತಮಾಷೆ. ಅದರಿಂದ ಯಾವ ಯಜಮಾನನ ಅಧಿಕಾರಕ್ಕೂ ಕುಂದಿಲ್ಲ. ಆದರೆ ಇಬ್ಬರು ತಮ್ಮಷ್ಟಕ್ಕೆ ತಾವು ಒಂದು ಲೋಕವನ್ನು ಕಟ್ಟಿಕೊಂಡು, ಅದರ ಬಾಗಿಲನ್ನು ಹಿರಿಯರ ಮುಂದೆ ಮುಚ್ಚಿಕೊಂಡರೆ, ಆ ಬಾಗಿಲ ಹೊರಗೆ ನಿಲ್ಲುವುದು ಅವಿಭಕ್ತ ಕುಟುಂಬದ ಯಜಮಾನಿಕೆ. ಆ ದಂಪತಿಗಳಿಗೂ ಸರಕಾರದ ಕಾಯಿದೆಗೂ ನಡುವೆ ಆಮೇಲೆ ಬೇರೊಬ್ಬ ಅಧಿಕಾರಿಯಿರುವುದಿಲ್ಲ. ಅಂತಹ ಏಕಾಂತವನ್ನು ತೋರಿಸಲು ಹಳೆಯ ಒಪ್ಪಂದವು ಅವಕಾಶ ಕೊಡಲಿಲ್ಲ. ಇತ್ತೀಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಹಿಂದೀ ಚಿತ್ರಗಳಲ್ಲಿ ಈ ನಿಷೇಧವು ಬಹುಮಟ್ಟಿಗೆ ಬಿದ್ದುಹೋಗಿದೆ. ಅದೇ ಅವಧಿಯಲ್ಲಿ ನಮ್ಮ ಮನೆಗಳಲ್ಲಿ ಮಗ ಸೊಸೆಯರು ಬೆಂಗಳೂರಿನಲ್ಲೋ ಪುಣೆಯಲ್ಲೋ ಬೇರೆ ಬಾಗಿಲು ಹೂಡಿದುದನ್ನು ವಾಚಕರು ತಾವೇ ಹೊಂದಿಸಿ ನೋಡಿಕೊಳ್ಳಬಹುದು.

ಭರತನ ಶ್ಲೋಕವೂ ಈಗ ನಮಗೆ ಬೇರೆಯಾಗಿ ಕಾಣತೊಡಗಿದೆ. ಅವನ ಪಟ್ಟಿಯಲ್ಲಿರುವವರು ಯಾರು? ತಂದೆ, ಮಗ, ಸೊಸೆ, ಅತ್ತೆ. ಪ್ರೇಕ್ಷಕನೆಂದರೆ ಒಬ್ಬೊಬ್ಬ ವ್ಯಕ್ತಿಯಲ್ಲ, ಸಂಬಂಧಗಳಿಂದ ಕಟ್ಟಿದ ಒಂದು ಮನೆ ಎಂಬುದು ಮುನಿಗೆ ತಿಳಿದಿತ್ತು. ಲಜ್ಜೆಯೆಂದು ನಾವು ಓದಿದ ಜಾಗದಲ್ಲಿ ಯಜಮಾನಿಕೆಯೂ ಸೇರಿಕೊಂಡಿತ್ತೇನೋ! ಅಲಂಕಾರಶಾಸ್ತ್ರದ ಪಂಡಿತರು ಇದನ್ನು ಇನ್ನೂ ವಿಚಾರಿಸಬೇಕು.

ದೃಷ್ಟಿಯನ್ನು ಕುರಿತು ಅವರು ಬರೆದುದೂ ಸಂಸ್ಕೃತಜ್ಞರಿಗೆ ಪರಕೀಯವಲ್ಲ. ಪಾಶ್ಚಾತ್ಯ ಚಿತ್ರದಲ್ಲಿ ಪ್ರೇಕ್ಷಕನು ಕಿಟಕಿಯಿಂದ ಇಣಿಕಿದವನಂತೆ ನೋಡುವನು. ನೋಡಲ್ಪಡುವವರಿಗೆ ಅವನಿರುವುದೇ ತಿಳಿಯದೆಂಬ ಕಲ್ಪನೆ. ನಮ್ಮಲ್ಲಿ ಹಾಗಲ್ಲ, ನಮ್ಮದು ದರ್ಶನ. ದೇವರು ತನ್ನನ್ನು ತೋರಿಸಿಕೊಡುವನು, ಭಕ್ತನು ನೋಡಿ ಧನ್ಯನಾಗುವನು, ನಡುವೆ ಪೂಜಾರಿಯು ಪರದೆ ಸರಿಸುವನು. ನೋಡುವವನಿಗಿಂತ ನೋಡಲ್ಪಡುವವನು ದೊಡ್ಡವನು. ನಾಯಕನು ಮೊದಲ ಸಲ ತೆರೆಯ ಮೇಲೆ ಬಂದಾಗ ನಾಣ್ಯಗಳನ್ನು ತೂರಿ, ಸೀಟಿ ಊದಿ, ಕರ್ಪೂರ ಬೆಳಗಿದ ಜನರನ್ನು ಕಂಡವರಿಗೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ.

ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳ ವಿಷಯದಲ್ಲಿ ಮಾತ್ರ ನಮಗೊಂದು ಹೇಳುವುದಿದೆ. ಶ್ಯಾಮ ಬೆನೆಗಲ್ಲರ ‘ಅಂಕುರ್’ ೧೯೭೪ರಲ್ಲಿ ಬಂದಿತು. ಅದರ ಕಥೆ ನಡೆಯುವುದು ನಮ್ಮ ನೆರೆಯ ತೆಲಂಗಾಣದ ಹಳ್ಳಿಯಲ್ಲಿ. ಪಾತ್ರಗಳು ಆಡುವ ದಖನೀ ಮಾತು ಚಿಂಚೋಳಿಯ ಬೀದಿಗಳಲ್ಲಿ ಇಂದಿಗೂ ಕಿವಿಗೆ ಬೀಳುವುದು. ಇಂತಹ ಚಿತ್ರವು ಪ್ರೇಕ್ಷಕನನ್ನು ಆಧುನಿಕ ನಾಗರಿಕನ ಸ್ಥಾನದಲ್ಲಿ ಕೂರಿಸಿ, ದೂರದ ಹಳ್ಳಿಯ ಜಮೀನ್ದಾರಿಕೆಯನ್ನು ಅವನ ಕಣ್ಣಿಗೆ ದೃಶ್ಯವಾಗಿ ಒಪ್ಪಿಸುವುದೆಂದು ಪ್ರಸಾದರು ಸರಿಯಾಗಿ ಗುರುತಿಸಿದ್ದಾರೆ. ದಿಲ್ಲಿ ಮುಂಬಯಿಗಳ ಪ್ರೇಕ್ಷಕನಿಗೆ ಅದು ಸಲ್ಲುವುದು. ಆದರೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಜಾಗೀರುಗಳನ್ನೂ ದೇಶಮುಖರನ್ನೂ ಕಂಡ ಮನೆಗಳವರು ಆ ಚಿತ್ರವನ್ನು ನೋಡುವಾಗ ಯಾವ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು? ಕೊನೆಗೆ ಆ ಹುಡುಗನು ಜಮೀನ್ದಾರನ ಕಿಟಕಿಗೆ ಕಲ್ಲು ಎಸೆಯುವನಲ್ಲ, ಆ ಕಲ್ಲು ನಮ್ಮ ಕಡೆಯ ಕೆಲವರ ಅಜ್ಜನ ಕೈಯದು, ಕೆಲವರ ಅಜ್ಜನ ಕಿಟಕಿಯದು. ನೋಡುವ ನಾಗರಿಕ, ನೋಡಲ್ಪಡುವ ಹಳ್ಳಿ ಎಂಬ ಎರಡೇ ಮನೆಗಳ ಲೆಕ್ಕದಲ್ಲಿ ನಮ್ಮಂತಹವರು ಹೊಸ್ತಿಲ ಮೇಲೆ ನಿಂತುಬಿಡುವರು.

ಇಷ್ಟು ವಿಚಾರಗಳಿರುವ ಗ್ರಂಥವನ್ನು ಗೃಹಸ್ಥರೆಲ್ಲರೂ ಓದಿರೆಂದು ಹೇಳೋಣವೆಂದರೆ ಅದು ಸಾಧ್ಯವಿಲ್ಲ. ಭಾಷೆ ಬಹಳ ಬಿಗಿ. ಪಾರಿಭಾಷಿಕ ಶಬ್ದಗಳ ಮುಳ್ಳು ಬಹಳ. ಬಾದರಾಯಣನ ಸೂತ್ರಗಳೂ ಬಿಗಿಯೇ. ಆದರೆ ಅವುಗಳಿಗೆ ಭಾಷ್ಯಕಾರರು ದೊರೆತರು. ಚಲಚ್ಚಿತ್ರ ಮೀಮಾಂಸೆಯನ್ನು ಕನ್ನಡದಲ್ಲಿ ಮನೆಮನೆಗೆ ತಲುಪಿಸುವವರು ಬೇಕು. ಕೆಲವರು ಬೇರೆ ದಾರಿಯಿಂದ ಈ ಕೆಲಸವನ್ನು ಮಾಡಿಯೂ ಇದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ದಿವಂಗತ ಕೆ. ವಿ. ಸುಬ್ಬಣ್ಣನವರು ೧೯೭೩ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟದ ಒಕ್ಕಲುಮಕ್ಕಳಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕನ್ನಡದ ವಿವರಣೆಯೊಡನೆ ತೋರಿಸಿದರು. ಆ ಗ್ರಾಮೀಣ ಸಾಹಸವೂ ಅವರ ರಂಗಕಾರ್ಯವೂ ಕೂಡಿ ಅವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ತಂದವು. ಡಾಕ್ಟರ್ ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ವು ೨೦೦೯ನೆಯ ಸಾಲಿನ ಉತ್ತಮ ಸಿನೆಮಾ ಗ್ರಂಥವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು, ಕನ್ನಡದಲ್ಲಿಯೇ ಬರೆದ ಪುಸ್ತಕವದು. ಅದರ ಮರುವರ್ಷದ ಸಾಲಿಗೆ ಉತ್ತಮ ಚಿತ್ರವಿಮರ್ಶಕರ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಪ್ರೊಫೆಸರ್ ಎನ್. ಮನು ಚಕ್ರವರ್ತಿಯವರು ಒಬ್ಬರು. ಅವರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುವವರು. ಆದರೆ ಹೆಗ್ಗೋಡಿಗೂ ಬೆಂಗಳೂರಿಗೂ ದೊರೆತ ಈ ಭಾಗ್ಯವು ಸೇಡಂ, ಚಿತ್ತಾಪುರ, ಚಿಂಚೋಳಿಗಳವರೆಗೆ ಬಂದಿಲ್ಲ. ನಮಗೆ ಬೆಂಗಳೂರೆಂದರೆ ಇಡೀ ರಾತ್ರಿಯ ಪ್ರಯಾಣ. ಹೈದರಾಬಾದೆಂದರೆ ಬೆಳಿಗ್ಗೆ ಹೋಗಿ ರಾತ್ರಿಗೆ ಬರಬಹುದಾದ ಊರು. ಅಲ್ಲಿಯ ವಿದ್ವಾಂಸರ ಗ್ರಂಥವನ್ನು ಇಲ್ಲಿ ಚರ್ಚಿಸುವುದಕ್ಕೆ ಅದೂ ಒಂದು ಕಾರಣ.

ಇನ್ನೂ ದೊಡ್ಡ ಕಾರಣವು ಅವರ ಎರಡನೆಯ ಗ್ರಂಥದಲ್ಲಿದೆ. ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ ಅವರು ೧೯೭೭ರಲ್ಲಿ ಮುಖ್ಯಮಂತ್ರಿಗಳಾದರು. ಆಂಧ್ರದಲ್ಲಿ ಎನ್. ಟಿ. ರಾಮರಾಯರು ೧೯೮೨ರಲ್ಲಿ ಪಕ್ಷವನ್ನು ಕಟ್ಟಿ ೧೯೮೩ರ ಆರಂಭದಲ್ಲಿಯೇ ಅಧಿಕಾರಕ್ಕೆ ಬಂದರು. ನಮ್ಮ ರಾಜ್‌ಕುಮಾರರು ಯಾವ ಚುನಾವಣೆಗೂ ನಿಲ್ಲಲಿಲ್ಲ. ಆದರೆ ೧೯೮೨ರ ಗೋಕಾಕ್ ಚಳವಳಿಗೆ ಅವರು ಇಳಿದುದರಿಂದಲೇ ಅದು ಪಂಡಿತರ ಸಭೆಯಿಂದ ಬೀದಿಗೆ ಬಂದಿತು. ೨೦೦೦ನೆಯ ಇಸವಿಯ ಜುಲೈ ೩೦ರಂದು ಗಾಜನೂರಿನಿಂದ ವೀರಪ್ಪನ್ ಅವರನ್ನು ಅಪಹರಿಸಿದಾಗ ೧೦೮ ದಿನ ಎರಡು ಸರಕಾರಗಳು ತಲ್ಲಣಿಸಿದವು. ನಟನೊಬ್ಬನಿಗೆ ಇಂತಹ ಸ್ಥಾನ ಬಂದುದು ಹೇಗೆ? ಜನರು ಮುಗ್ಧರು, ತೆರೆಯ ರಾಮನನ್ನು ನಿಜವಾದ ರಾಮನೆಂದು ನಂಬಿದರು ಎಂದು ಪೇಟೆಯ ವಿದ್ಯಾವಂತರು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಪ್ರಸಾದರು ಆ ಉತ್ತರವನ್ನು ಒಪ್ಪುವುದಿಲ್ಲ. ಈ ಕಾರಣಕ್ಕಾಗಿಯೇ ನಾವು ಅವರನ್ನು ಗೌರವಿಸುತ್ತೇವೆ. ಸ್ವತಂತ್ರ ಭಾರತದಲ್ಲಿ ಪ್ರಭುತ್ವವು ದಿಲ್ಲಿಯಲ್ಲಿ ನೆಲೆಸಿತು. ಭಾಷೆಯಿಂದ ಒಂದಾದ ಜನಸಮುದಾಯಗಳಿಗೆ ರಾಜ್ಯಗಳು ದೊರೆತವೇ ಹೊರತು ಪ್ರಭುತ್ವವು ದೊರೆಯಲಿಲ್ಲ. ಆ ತೆರವಾದ ಸಿಂಹಾಸನದ ಮೇಲೆ ಜನರು ತಮ್ಮ ಭಾಷೆಯ ತಾರೆಯನ್ನು ಕೂರಿಸಿದರು ಎಂಬುದು ಅವರ ವಾದದ ತಿರುಳು. ಹಿಂದೀ ತಾರೆಯರಿಗೆ ಈ ಸ್ಥಾನವೇಕೆ ಬರಲಿಲ್ಲವೆಂಬುದಕ್ಕೂ ಇದು ಉತ್ತರವಾಗುವುದು. ಅಮಿತಾಭ ಬಚ್ಚನ್ನರು ೧೯೮೪ರಲ್ಲಿ ಅಲಹಾಬಾದಿನಿಂದ ಗೆದ್ದರು, ೧೯೮೭ರಲ್ಲಿ ರಾಜೀನಾಮೆಯಿತ್ತು ಹಿಂದಿರುಗಿದರು. ಯಾವ ಭಾಷಾಸಮುದಾಯವೂ ಅವರನ್ನು ತನ್ನ ಅರಸನೆಂದು ತಡೆದು ನಿಲ್ಲಿಸಲಿಲ್ಲ.

ಚಾಮರಾಜನಗರದಿಂದ ಧಾರವಾಡದವರೆಗೆ ಈ ವಾದವು ಚೆನ್ನಾಗಿ ನಡೆಯುವುದು. ಚಿಂಚೋಳಿಗೆ ಬಂದಾಗ ಅದರ ಗಾಡಿ ಸ್ವಲ್ಪ ಕುಲುಕುವುದು. ನಮ್ಮ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ದಖನೀ, ತಾಂಡೂರಿನ ಬೀಗರೊಡನೆ ತೆಲುಗು, ಬೀದರಿನತ್ತ ಹೋದರೆ ಮರಾಠಿ. ನಮ್ಮ ಬಾಲ್ಯದ ತಗಡಿನ ಥೇಟರಿನಲ್ಲಿ ಈ ವಾರ ರಾಜ್‌ಕುಮಾರರ ಮಯೂರ, ಬರುವ ವಾರ ರಾಮರಾಯರ ಕೃಷ್ಣ, ಅದರಾಚೆಯ ವಾರ ಹಿಂದಿಯ ಧರ್ಮೇಂದ್ರ. ಅದೇ ಜನರು, ಅದೇ ನಾಣ್ಯಗಳು, ಅದೇ ಸೀಟಿ. ಒಂದು ಭಾಷಾಸಮುದಾಯಕ್ಕೆ ಒಬ್ಬ ಅರಸನೆಂದರೆ, ನಮ್ಮಲ್ಲಿ ಒಬ್ಬೊಬ್ಬ ಪ್ರಜೆಗೂ ಮೂವರು ಅರಸರು! ಗಡಿನಾಡಿನ ಪ್ರೇಕ್ಷಕನು ಕೈಮುಗಿಯುವನು. ಆದರೆ ಕಪ್ಪವನ್ನು ಒಬ್ಬನಿಗೇ ಕಟ್ಟಿ ಅವನಿಗೆ ಅಭ್ಯಾಸವಿಲ್ಲ. ಕಾಲದ ವ್ಯಂಗ್ಯವೂ ಇದೆ. ಆ ಗ್ರಂಥವು ಪ್ರಕಟವಾದ ೨೦೧೪ರಲ್ಲಿಯೇ, ಜೂನ್ ೨ರಂದು, ತೆಲುಗು ಮಾತಾಡುವವರು ಎರಡು ರಾಜ್ಯಗಳಾದರು. ರಾಮರಾಯರು ತೆಲುಗರ ಆತ್ಮಗೌರವದ ಹೆಸರಿನಲ್ಲಿ ಕೂಡಿಸಿದ್ದನ್ನು ನೀರು, ನೌಕರಿ, ಹಿಂದುಳಿದಿರುವಿಕೆಯ ಪ್ರಶ್ನೆಗಳು ಒಡೆದವು. ನಮ್ಮ ಭಾಗಕ್ಕೂ ೨೦೧೨ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ವಿಶೇಷ ಸ್ಥಾನವು ಬಂದುದು, ಭಾಷೆಯೊಂದೇ ಆದರೂ ಪಾಲು ಸಮನಾಗಿ ಬಂದಿಲ್ಲವೆಂಬ ಕಾರಣದಿಂದಲೇ ಅಲ್ಲವೇ?

ಹೀಗೆಂದು ಪ್ರಸಾದರ ವಾದವು ಬಿದ್ದುಹೋಯಿತೆಂದು ನಾವು ಹೇಳುವುದಿಲ್ಲ. ನಮ್ಮ ಭಾಗದಲ್ಲಿ ಅದು ಕೆಲಸ ಮಾಡಿದುದು ಬೇರೆ ರೀತಿಯಲ್ಲಿ ಎಂದಷ್ಟೇ ಹೇಳುತ್ತೇವೆ. ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು ಕೊಲ್ಹಾಪುರದಲ್ಲಿ ತಯಾರಾಗಿ ಬೆಂಗಳೂರಿನಲ್ಲಿ ತೆರೆಕಂಡಾಗ, ನಮ್ಮ ಹಿರಿಯರಿಗೆ ಸರಕಾರದ ಭಾಷೆ ಉರ್ದು. ೧೯೫೬ರ ನವೆಂಬರ್ ಒಂದರಂದು ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ ಕನ್ನಡವು ಕಚೇರಿಗೆ ಬಂದಿತು. ಆದರೆ ಬಂದ ಕನ್ನಡವು ನಮ್ಮ ಬಾಯಿಯದಲ್ಲ. ಆ ಕನ್ನಡವು ಹೇಗೆ ಕೇಳಿಸುವುದು, ಅದರಲ್ಲಿ ಸಿಟ್ಟು ಹೇಗೆ, ಅಳು ಹೇಗೆ, ತಾಯಿಯನ್ನು ಕರೆಯುವುದು ಹೇಗೆ ಎಂಬುದನ್ನು ಕಲಿಸಿದವರು ನಮ್ಮಂತಹ ಉಪಾಧ್ಯಾಯರೆಂದು ಹೇಳಿಕೊಳ್ಳಲು ಆಸೆಯಿದೆ. ನಿಜವಾಗಿ ಕಲಿಸಿದವರು ರಾಜ್‌ಕುಮಾರರು. ಪಾಠದ ಪದ್ಯವನ್ನು ತಡವರಿಸುತ್ತ ಓದುತ್ತಿದ್ದ ಹುಡುಗರು ಅವರ ಐತಿಹಾಸಿಕ ಚಿತ್ರಗಳ ಸಂಭಾಷಣೆಯನ್ನು ಒಂದು ಮಹಾಪ್ರಾಣವೂ ತಪ್ಪದಂತೆ ಒಪ್ಪಿಸುತ್ತಿದ್ದುದನ್ನು ನಾವು ತರಗತಿಯಲ್ಲಿ ಕೇಳಿದ್ದೇವೆ. ಅರಸನೆಂದು ಕರೆಯುವುದಕ್ಕಿಂತ ಅವರನ್ನು ನಮ್ಮ ಭಾಗದ ಕನ್ನಡ ಪಂಡಿತರೆಂದು ಕರೆಯುವುದೇ ಹೆಚ್ಚು ಸರಿಯೆಂದು ನಮಗೆ ತೋರುವುದು.

ಆ ಪಾಠಕ್ಕೆ ನಾವು ತೆತ್ತ ಶುಲ್ಕವನ್ನೂ ಹೇಳಬೇಕು. ನಾಯಕನು ನಮ್ಮ ಕಲಬುರಗಿಯ ಮಾತನ್ನು ಆಡಿದ ಚಿತ್ರಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಹೆಚ್ಚು. ಉತ್ತರದ ಕನ್ನಡವು ತೆರೆಯ ಮೇಲೆ ಬಂದುದು ಬಹುಮಟ್ಟಿಗೆ ಹಾಸ್ಯಪಾತ್ರದ ಬಾಯಿಂದ, ಮನೆಯ ಆಳಿನ ಬಾಯಿಂದ. ಜನರು ನಕ್ಕರು, ಚಿಂಚೋಳಿಯ ಥೇಟರಿನಲ್ಲಿಯೂ ನಕ್ಕರು, ತಮ್ಮ ಮಾತಿಗೆ ತಾವೇ. ಪ್ರಸಾದರ ದರ್ಶನ ವಿಚಾರವನ್ನು ಓದಿದ ಮೇಲೆ ಈ ನಗೆಯು ನಮ್ಮ ಕಿವಿಯಲ್ಲಿ ಬಹಳ ಹೊತ್ತು ನಿಂತಿತು. ಪರದೆ ಸರಿಸಿದಾಗ ಕಾಣುವ ಮೂರ್ತಿಗೆ ಒಂದು ನುಡಿ, ಗುಡಿಯ ಹೊರಗೆ ಚಪ್ಪಲಿ ಕಾಯುವವನಿಗೆ ಇನ್ನೊಂದು ನುಡಿ ಎಂದು ಯಾರು ವಿಧಿಸಿದರು?

ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಅಂಟಿಸಬಾರದೆಂದು ಬೆಂಗಳೂರಿನ ಚಿತ್ರೋದ್ಯಮವು ಅರವತ್ತರ ದಶಕದಿಂದ ನಡೆಸಿಕೊಂಡು ಬಂದ ಅಲಿಖಿತ ನಿಷೇಧದ ಕಥೆಯೂ ಇದಕ್ಕೆ ಸೇರಿದುದು. ಕನ್ನಡವನ್ನು ಉಳಿಸುವುದಕ್ಕಾಗಿ ಎಂದು ಅದರ ಪರವಾದವರು ಹೇಳಿದರು. ಬೆಂಗಳೂರಿನಲ್ಲಿ ಅದು ಉಳಿಸಿತೋ ಏನೋ. ಗಡಿಯಲ್ಲಿ ಅದರ ಫಲವು ವಿಪರೀತವಾಯಿತು. ತೆಲುಗು ಚಿತ್ರವನ್ನು ನೋಡಬೇಕೆನ್ನುವವನು ನೋಡದೆ ಬಿಡಲಿಲ್ಲ. ತೆಲುಗಿನಲ್ಲಿಯೇ ನೋಡಿದನು, ಮನೆಯ ಮಕ್ಕಳಿಗೂ ತೆಲುಗಿನಲ್ಲಿಯೇ ತೋರಿಸಿದನು. ೨೦೧೫ರಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ನಿಷೇಧದ ವಿರುದ್ಧ ತೀರ್ಪಿತ್ತಿತು. ೨೦೧೭ರಲ್ಲಿ ತಮಿಳಿನ ಒಂದು ಚಿತ್ರವು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಿಂದ ಕನ್ನಡವಾಡುತ್ತ ಬಂದಿತು. ಆಮೇಲೆ ಬಂದವು ಅನೇಕ. ಈಗ ಹೈದರಾಬಾದಿನ ನಾಯಕನು ನಮ್ಮ ಮೊಮ್ಮಕ್ಕಳ ಅಂಗೈಯಲ್ಲಿ ಕನ್ನಡ ಮಾತಾಡುವನು. ತುಟಿಗಳು ಒಂದು ಹೇಳುವವು, ಮಾತು ಒಂದು ಹೇಳುವುದು. ಮಕ್ಕಳಿಗೆ ಅದರಿಂದ ತೊಂದರೆಯಿಲ್ಲ.

ಆ ಕನ್ನಡವೂ ಬೆಂಗಳೂರಿನದೇ. ತಾಂಡೂರಿನ ಬಸ್ಸು ಹತ್ತಿದರೆ ಸಿಗುವ ಹಳ್ಳಿಯ ಕಥೆ, ಇಲ್ಲಿಂದ ಆರುನೂರು ಕಿಲೋಮೀಟರು ಆಚೆ ಕುಳಿತವರ ಧ್ವನಿಯಲ್ಲಿ ನಮ್ಮನ್ನು ಮುಟ್ಟುತ್ತಿದೆ. ಇದಕ್ಕೆ ಸಿದ್ಧಾಂತವನ್ನು ಕಟ್ಟುವವರು ಇನ್ನೂ ಬರಬೇಕಾಗಿದೆ. ಬಂದಾಗ ಅವರು ಕನ್ನಡದಲ್ಲಿಯೇ ಬರೆಯಲಿ, ಸಾಧ್ಯವಾದರೆ ಕಾಗಿಣಾ ತೀರದಲ್ಲಿ ಕುಳಿತು.